ಕೊಡಗು ಜಿಲ್ಲೆಯಲ್ಲಿ ಬಹುಕುಟುಂಬ ವಸತಿಯ ವಲಯ ನಿಯಮಗಳು

ಕೊಡಗು ಜಿಲ್ಲೆಯಲ್ಲಿ ಬಹುಕುಟುಂಬ ವಸತಿಯ ವಲಯ ನಿಯಮಗಳು ಎಂದರೆ, ಒಂದೇ ನಿವೇಶನದಲ್ಲಿ ಅಥವಾ ಒಂದೇ ಕಟ್ಟಡದಲ್ಲಿ ಹಲವು ಕುಟುಂಬಗಳು ಪ್ರತ್ಯೇಕ ಮನೆಗಳಲ್ಲಿ ವಾಸಿಸುವ ಕಟ್ಟಡಗಳನ್ನು ಎಲ್ಲಿ, ಎಷ್ಟು ಎತ್ತರಕ್ಕೆ, ಎಷ್ಟು ದಟ್ಟವಾಗಿ ಕಟ್ಟಬಹುದು ಎಂಬುದನ್ನು ನಿರ್ಧರಿಸುವ ಕಾನೂನುಗಳು, ಯೋಜನೆಗಳು ಮತ್ತು ತಾಂತ್ರಿಕ ಮಾನದಂಡಗಳ ಸಮುಚ್ಚಯ. ಇವುಗಳಲ್ಲಿ ಹೆಚ್ಚಿನವು ಕರ್ನಾಟಕದಾದ್ಯಂತ ಅನ್ವಯಿಸುವ ಶಾಸನಗಳಿಂದ ಬಂದಿವೆ. ಆದರೆ ಕಡಿದಾದ ಇಳಿಜಾರು, ಭಾರೀ ಮಳೆ, ಕಾವೇರಿಯ ನೆರೆ, ಜಮ್ಮಾ ಮತ್ತು ಬಾಣೆ ಎಂಬ ವಿಶಿಷ್ಟ ಭೂಹಿಡುವಳಿ ಪದ್ಧತಿಗಳು ಹಾಗೂ ಪಶ್ಚಿಮ ಘಟ್ಟದ ಪರಿಸರ ಸಂರಕ್ಷಣಾ ನಿಯಮಗಳ ಕಾರಣದಿಂದ ಕೊಡಗಿನಲ್ಲಿ ಅವುಗಳ ಅನ್ವಯ ಬಯಲುಸೀಮೆಯ ನಗರಗಳಿಗಿಂತ ಭಿನ್ನವಾಗಿದೆ. 2018ರ ಆಗಸ್ಟ್ ತಿಂಗಳ ಭೂಕುಸಿತಗಳ ನಂತರ ಈ ನಿಯಮಗಳು ಸಾರ್ವಜನಿಕ ಸುರಕ್ಷತೆಯ ವಿಷಯವಾಗಿ ಚರ್ಚೆಗೆ ಬಂದವು.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಪ್ರತಿ ಚದರ ಕಿಲೋಮೀಟರಿಗೆ ಸುಮಾರು 135 ಜನರಿರುವ ಕೊಡಗು ರಾಜ್ಯದ ಅತಿ ವಿರಳ ಜನವಸತಿಯ ಜಿಲ್ಲೆಗಳಲ್ಲಿ ಒಂದು. ಆದರೆ ಅರಣ್ಯ, ಕಾಫಿ ತೋಟ, ಗದ್ದೆ ಮತ್ತು ಕಡಿದಾದ ಗುಡ್ಡಗಳನ್ನು ಬಿಟ್ಟರೆ ಮನೆ ಕಟ್ಟಲು ಯೋಗ್ಯವಾದ ಭೂಮಿ ಇಲ್ಲಿ ಕಡಿಮೆ. ಆದುದರಿಂದ ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಮುಂತಾದ ಪಟ್ಟಣಗಳಲ್ಲಿ ವಸತಿಯ ಒತ್ತಡ ಸರಾಸರಿ ಸಾಂದ್ರತೆ ಸೂಚಿಸುವುದಕ್ಕಿಂತ ಹೆಚ್ಚಾಗಿದೆ.

ಪರಿಭಾಷೆ

ವಲಯೀಕರಣ ಎಂದರೆ ಒಂದು ಪ್ರದೇಶವನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಉಪಯೋಗ, ಉದ್ಯಾನ ಮತ್ತು ಬಯಲು ಜಾಗ, ಸಂಚಾರ, ಕೃಷಿ ಮುಂತಾದ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲಿ ಯಾವ ಉಪಯೋಗಕ್ಕೆ ಅವಕಾಶವಿದೆ ಎಂದು ಮೊದಲೇ ಗೊತ್ತುಪಡಿಸುವುದು. ಅಭಿವೃದ್ಧಿ ಮಾನದಂಡಗಳು ಆ ವಲಯದೊಳಗೆ ಕಟ್ಟಡದ ಗಾತ್ರ ಮತ್ತು ಸ್ವರೂಪವನ್ನು ನಿಯಂತ್ರಿಸುತ್ತವೆ.

ಬಹುಕುಟುಂಬ ವಸತಿಯಲ್ಲಿ ಅಪಾರ್ಟ್‌ಮೆಂಟ್‌ಗಳು, ಸಮೂಹ ವಸತಿಗಳು, ಬಾಡಿಗೆಗೆಂದು ಕಟ್ಟಿದ ಬಹುಮನೆ ಕಟ್ಟಡಗಳು, ಸರ್ಕಾರಿ ವಸತಿಗೃಹಗಳು ಮತ್ತು ತೋಟಗಳ ಲೈನ್‌ಮನೆಗಳು ಸೇರುತ್ತವೆ. ಹೋಂಸ್ಟೇ, ಲಾಡ್ಜ್ ಮತ್ತು ರೆಸಾರ್ಟ್‌ಗಳು ತಾತ್ಕಾಲಿಕ ವಾಸ್ತವ್ಯದ ವ್ಯವಸ್ಥೆಗಳಾದುದರಿಂದ ಅವು ಬಹುಕುಟುಂಬ ವಸತಿಯಲ್ಲ. ಆದರೂ ವಾಸಕ್ಕೆಂದು ಪರವಾನಿಗೆ ಪಡೆದ ಕಟ್ಟಡ ಪ್ರವಾಸಿಗರ ತಂಗುದಾಣವಾಗಿ ಬದಲಾದಾಗ ವಾಹನ ನಿಲುಗಡೆ, ನೀರಿನ ಬಳಕೆ ಮತ್ತು ತ್ಯಾಜ್ಯದ ಪ್ರಮಾಣ ಬದಲಾಗುತ್ತದೆ. ಸ್ಥಳೀಯರಿಗೆ ಬಾಡಿಗೆಗೆ ದೊರೆಯಬಹುದಾದ ಮನೆಗಳ ಸಂಖ್ಯೆಯೂ ಕುಗ್ಗುತ್ತದೆ.

ಹಿನ್ನೆಲೆ

ಹಲವು ಕುಟುಂಬಗಳು ಒಂದೇ ಸೂರಿನಡಿ ಬಾಳುವುದು ಕೊಡಗಿಗೆ ಹೊಸದಲ್ಲ. ಕೊಡವರ ಐನ್‌ಮನೆ ಒಂದು ಒಕ್ಕಕ್ಕೆ ಸೇರಿದ ಅನೇಕ ಕುಟುಂಬಗಳ ಮೂಲಮನೆ. ಸಾಮಾನ್ಯವಾಗಿ ಇದನ್ನು ಗದ್ದೆಯ ಬಯಲಿಗೆ ಮುಖಮಾಡಿದ ಎತ್ತರದ, ಗಟ್ಟಿಯಾದ ನೆಲದಲ್ಲಿ ಕಟ್ಟುತ್ತಿದ್ದರು. ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ ಎಲ್ಲರಿಗೂ ಸೇರಿದ್ದಾಗಿತ್ತು. ಗದ್ದೆಯನ್ನು ಬೇಸಾಯಕ್ಕೆ, ಅದರ ಮೇಲಿನ ಬಾಣೆಯನ್ನು ಸೌದೆ, ಸೊಪ್ಪು ಮತ್ತು ಮೇವಿಗೆ, ಎತ್ತರದ ಕಾಡನ್ನು ದೇವರಕಾಡಾಗಿ ಉಳಿಸಿಕೊಂಡ ಈ ವ್ಯವಸ್ಥೆಯಲ್ಲಿ ಯಾವ ನೆಲದಲ್ಲಿ ಮನೆ ಕಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಸಂಪ್ರದಾಯದಿಂದಲೇ ನಿರ್ಧಾರವಾಗುತ್ತಿತ್ತು.

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಫಿ ತೋಟಗಳು ವಿಸ್ತರಿಸಿದಂತೆ ಕಾರ್ಮಿಕರಿಗಾಗಿ ಲೈನ್‌ಮನೆಗಳು ಬಂದವು. ಒಂದೇ ಉದ್ದನೆಯ ಸೂರಿನಡಿ, ನಡುಗೋಡೆಗಳನ್ನು ಹಂಚಿಕೊಂಡ ಸಣ್ಣ ಮನೆಗಳ ಸಾಲೇ ಲೈನ್‌ಮನೆ. ಇಂದಿಗೂ ಗ್ರಾಮೀಣ ಕೊಡಗಿನಲ್ಲಿ ಬಹುಕುಟುಂಬ ವಸತಿಯ ಮುಖ್ಯ ರೂಪ ಇದೇ. 1951ರ ತೋಟ ಕಾರ್ಮಿಕರ ಕಾಯ್ದೆಯು ತೋಟದಲ್ಲಿ ವಾಸಿಸುವ ಕಾರ್ಮಿಕರಿಗೂ ಅವರ ಕುಟುಂಬಗಳಿಗೂ ವಸತಿ ಒದಗಿಸುವುದನ್ನು ಮಾಲೀಕರ ಕರ್ತವ್ಯವನ್ನಾಗಿ ಮಾಡಿತು. ವಸತಿಯ ಗುಣಮಟ್ಟದ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ನೀಡಿತು. 1981ರ ತಿದ್ದುಪಡಿಯು ಕಾಯ್ದೆಯ ವ್ಯಾಪ್ತಿಯನ್ನು 5 ಹೆಕ್ಟೇರ್ ಮತ್ತು 15 ಕಾರ್ಮಿಕರಿರುವ ತೋಟಗಳವರೆಗೆ ವಿಸ್ತರಿಸಿ, ಒದಗಿಸಿದ ಮನೆ ಕುಸಿದು ಸಾವುನೋವು ಸಂಭವಿಸಿದರೆ ಮಾಲೀಕರು ಪರಿಹಾರ ನೀಡಬೇಕೆಂದು ವಿಧಿಸಿತು. ಆ ಮಿತಿಗಿಂತ ಚಿಕ್ಕ ತೋಟಗಳ ಕಾರ್ಮಿಕರು ಈ ರಕ್ಷಣೆಯ ಹೊರಗೆ ಉಳಿದರು. 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಈ ಕಾಯ್ದೆಯನ್ನು ವಿಲೀನಗೊಳಿಸಲಾಗಿದೆ.

ಭೂಹಿಡುವಳಿಯ ಪ್ರಭಾವ

ಕೊಡಗಿನಲ್ಲಿ ಕಟ್ಟಡ ಪರವಾನಿಗೆಯ ಪ್ರಶ್ನೆ ಹೆಚ್ಚಾಗಿ ಭೂಮಿಯ ಹಕ್ಕಿನ ಪ್ರಶ್ನೆಯಿಂದ ಆರಂಭವಾಗುತ್ತದೆ. ಜಮ್ಮಾ ಎಂಬುದು ವಂಶಪಾರಂಪರ್ಯ ಹಿಡುವಳಿ. ಬಾಣೆಯು ಗದ್ದೆಯ ಬೇಸಾಯಕ್ಕೆ ಪೂರಕವಾಗಿ ನೀಡಲಾದ ಮರಗಾಡಿನ ಭೂಮಿ. 1899ರ ಕೊಡಗು ಭೂ ಮತ್ತು ಕಂದಾಯ ನಿಬಂಧನೆಯ ಕಾಲದಿಂದ ಬಂದ ಈ ವರ್ಗೀಕರಣದ ಛಾಯೆ 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದ ನಂತರವೂ ದಾಖಲೆಗಳಲ್ಲಿ ಉಳಿದಿದೆ. ಜಮ್ಮಾ ಭೂಮಿಯ ಪಹಣಿ ಅನೇಕ ಕಡೆ ಪಟ್ಟೇದಾರರು ಮತ್ತು ಒಕ್ಕದ ಇತರ ಸದಸ್ಯರ ಹೆಸರಿನಲ್ಲಿ ಜಂಟಿಯಾಗಿರುತ್ತದೆ. ಇದರಿಂದ ವಿಭಜನೆ, ಭೂಪರಿವರ್ತನೆ ಮತ್ತು ಸಾಲ ಪಡೆಯುವಿಕೆ ಕಷ್ಟವಾಗುತ್ತವೆ. ಜೊತೆಗೆ, ಬಾಣೆಯಲ್ಲಿರುವ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಡಿ ಪ್ರತ್ಯೇಕ ಅನುಮತಿಯ ಅಗತ್ಯ ಬರಬಹುದು.

ಪೈಸಾರಿ ಎಂದು ಕರೆಯಲಾಗುವ ಸರ್ಕಾರಿ ಭೂಮಿಯಲ್ಲಿ ಹಕ್ಕುಪತ್ರವಿಲ್ಲದೆ ನೆಲೆಸಿರುವ ಕುಟುಂಬಗಳಿಗೆ ಪರವಾನಿಗೆ ದೊರೆಯುವುದಿಲ್ಲ. ಹೀಗಾಗಿ ಅತಿ ಅಪಾಯಕಾರಿ ಸ್ಥಳಗಳಲ್ಲಿರುವ ಮನೆಗಳೇ ಅನೇಕ ವೇಳೆ ಯಾವುದೇ ತಾಂತ್ರಿಕ ಪರಿಶೀಲನೆಗೆ ಒಳಗಾಗದೆ ಉಳಿಯುತ್ತವೆ.

ಶಾಸನದ ಚೌಕಟ್ಟು

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961 ಈ ಕ್ಷೇತ್ರದ ಮೂಲ ಶಾಸನ. ಇದರಂತೆ ಸರ್ಕಾರವು ಸ್ಥಳೀಯ ಯೋಜನಾ ಪ್ರದೇಶವನ್ನು ಘೋಷಿಸುತ್ತದೆ. ಆ ಪ್ರದೇಶದ ಯೋಜನಾ ಪ್ರಾಧಿಕಾರವು ಭೂ ಉಪಯೋಗದ ನಕ್ಷೆ ಮತ್ತು ವಲಯ ನಿಯಮಾವಳಿಗಳನ್ನು ಒಳಗೊಂಡ ಮಹಾಯೋಜನೆಯನ್ನು ಸಿದ್ಧಪಡಿಸುತ್ತದೆ. ಮಹಾಯೋಜನೆಯನ್ನು ಹತ್ತು ವರ್ಷಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು. 14ನೆಯ ಪ್ರಕರಣದಂತೆ ಆ ಪ್ರದೇಶದ ಎಲ್ಲ ಅಭಿವೃದ್ಧಿಯೂ ಯೋಜನೆಗೆ ಅನುಗುಣವಾಗಿರಬೇಕು. ನಿಗದಿತ ಉಪಯೋಗವನ್ನು ಬದಲಾಯಿಸಬೇಕಾದರೆ 14-ಎ ಪ್ರಕರಣದಡಿ ಸಾರ್ವಜನಿಕ ಪ್ರಕಟಣೆ ಮುಂತಾದ ಕ್ರಮಗಳನ್ನು ಅನುಸರಿಸಬೇಕು. ಮಡಿಕೇರಿಯಲ್ಲಿ ಈ ಹೊಣೆ ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರದ್ದು.

ಕೃಷಿಭೂಮಿಯನ್ನು ವಸತಿಗೆ ಬಳಸಲು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಪ್ರಕರಣದಡಿ ಜಿಲ್ಲಾಧಿಕಾರಿಯವರಿಂದ ಭೂಪರಿವರ್ತನೆಯ ಆದೇಶ ಬೇಕು. ಭೂಪರಿವರ್ತನೆ ಮತ್ತು ಕಟ್ಟಡ ಪರವಾನಿಗೆ ಎರಡೂ ಬೇರೆ ಬೇರೆ. ಪರಿವರ್ತನೆಯ ಆದೇಶವು ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಮಾತ್ರ ಒಪ್ಪಿಗೆ ನೀಡುತ್ತದೆ. ಆ ನೆಲದಲ್ಲಿ ಎಷ್ಟು ಮನೆಗಳನ್ನು ಹೇಗೆ ಕಟ್ಟಬಹುದು ಎಂಬುದು ಅನಂತರದ ಪ್ರಶ್ನೆ.

ಕಟ್ಟಡ ಪರವಾನಿಗೆಯನ್ನು ಪಟ್ಟಣಗಳಲ್ಲಿ ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯೂ, ಗ್ರಾಮಗಳಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣದಂತೆ ಗ್ರಾಮ ಪಂಚಾಯಿತಿಯೂ ನೀಡುತ್ತವೆ. ಮಹಾಯೋಜನೆಯ ವ್ಯಾಪ್ತಿ ಪಟ್ಟಣಗಳಿಗೂ ಅವುಗಳ ಅಂಚಿಗೂ ಸೀಮಿತ. ಜಿಲ್ಲೆಯ ಬಹುಭಾಗ ಅದರ ಹೊರಗಿದ್ದು, ಅಲ್ಲಿ ನಿಯಂತ್ರಣದ ಭಾರ ತಾಂತ್ರಿಕ ಸಿಬ್ಬಂದಿ ಕಡಿಮೆಯಿರುವ ಪಂಚಾಯಿತಿಗಳ ಮೇಲೆ ಬೀಳುತ್ತದೆ.

ಅಭಿವೃದ್ಧಿ ಮಾನದಂಡಗಳು

ವಲಯ ನಿಯಮಾವಳಿಗಳು ಮುಖ್ಯವಾಗಿ ಐದು ಅಳತೆಗಳ ಮೂಲಕ ಕಟ್ಟಡವನ್ನು ನಿಯಂತ್ರಿಸುತ್ತವೆ.

ನೆಲ ವಿಸ್ತೀರ್ಣ ಅನುಪಾತ: ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ. ಇದನ್ನು ಎಫ್‌ಎಆರ್ ಎಂದೂ ಕರೆಯುತ್ತಾರೆ. ಉದಾಹರಣೆಗೆ, 600 ಚದರ ಮೀಟರ್ ನಿವೇಶನಕ್ಕೆ ಅನುಪಾತ 1.5 ಇದ್ದರೆ ಒಟ್ಟು 900 ಚದರ ಮೀಟರ್ ಕಟ್ಟಬಹುದು.

ನೆಲ ವ್ಯಾಪ್ತಿ: ನಿವೇಶನದ ಎಷ್ಟು ಭಾಗವನ್ನು ಕಟ್ಟಡ ಆವರಿಸಬಹುದು ಎಂಬ ಮಿತಿ. ಮೇಲಿನ ಉದಾಹರಣೆಯಲ್ಲಿ ಇದು ಶೇ. 50 ಆಗಿದ್ದರೆ ಪ್ರತಿ ಮಹಡಿ 300 ಚದರ ಮೀಟರ್ ಆಗಿ, ಮೂರು ಮಹಡಿಗಳಲ್ಲಿ ಅನುಮತಿಸಿದ ವಿಸ್ತೀರ್ಣ ಮುಗಿಯುತ್ತದೆ.

ಸೆಟ್‌ಬ್ಯಾಕ್: ಗಾಳಿ, ಬೆಳಕು ಮತ್ತು ಅಗ್ನಿಶಾಮಕ ವಾಹನದ ಸಂಚಾರಕ್ಕಾಗಿ ಕಟ್ಟಡದ ನಾಲ್ಕೂ ಬದಿಗಳಲ್ಲಿ ಬಿಡಬೇಕಾದ ಜಾಗ. ಎತ್ತರ ಹೆಚ್ಚಿದಂತೆ ಇದೂ ಹೆಚ್ಚುತ್ತದೆ.

ಎತ್ತರ ಮತ್ತು ರಸ್ತೆಯ ಅಗಲ: ಅಗಲವಾದ ರಸ್ತೆಯ ಪಕ್ಕದಲ್ಲಿ ಹೆಚ್ಚು, ಇಕ್ಕಟ್ಟಾದ ರಸ್ತೆಯ ಪಕ್ಕದಲ್ಲಿ ಕಡಿಮೆ ಕಟ್ಟಲು ಅವಕಾಶವಿರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಂತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳು ಬಹುಮಹಡಿ ಕಟ್ಟಡಗಳೆನಿಸಿ, ಅವುಗಳಿಗೆ ಕಠಿಣವಾದ ಅಗ್ನಿಸುರಕ್ಷತಾ ನಿಯಮಗಳು ಅನ್ವಯಿಸುತ್ತವೆ.

ವಾಹನ ನಿಲುಗಡೆ: ಮನೆಗಳ ಸಂಖ್ಯೆ ಮತ್ತು ವಿಸ್ತೀರ್ಣಕ್ಕೆ ಅನುಗುಣವಾಗಿ ನಿವೇಶನದೊಳಗೇ ಒದಗಿಸಬೇಕಾದ ಜಾಗ.

ಇಳಿಜಾರಿನಲ್ಲಿ ಈ ಅಳತೆಗಳ ಮಿತಿ

ಮೇಲಿನ ಐದೂ ಅಳತೆಗಳು ನಿವೇಶನ ಸಮತಟ್ಟಾಗಿದೆ ಎಂಬ ಊಹೆಯ ಮೇಲೆ ನಿಂತಿವೆ. ಗುಡ್ಡದ ನೆಲದಲ್ಲಿ ಅವುಗಳನ್ನು ಪಾಲಿಸಿದ ಮಾತ್ರಕ್ಕೆ ಕಟ್ಟಡ ಸುರಕ್ಷಿತವಾಗುವುದಿಲ್ಲ.

ಮೊದಲನೆಯದು ಎತ್ತರದ ಅಳತೆ. ರಸ್ತೆಯಿಂದ ಕೆಳಮುಖವಾಗಿ ಇಳಿಯುವ ನಿವೇಶನದಲ್ಲಿ ಕಟ್ಟಡವು ರಸ್ತೆಯ ಬದಿಯಿಂದ ಎರಡು ಮಹಡಿಯಾಗಿ ಕಂಡರೂ ಕಣಿವೆಯ ಬದಿಯಿಂದ ನಾಲ್ಕೈದು ಮಹಡಿಯಾಗಿರಬಹುದು. ಎತ್ತರವನ್ನು ಯಾವ ಮಟ್ಟದಿಂದ ಅಳೆಯಬೇಕೆಂಬುದು ಸ್ಪಷ್ಟವಾಗಿರದಿದ್ದರೆ ಮಿತಿಯ ಉದ್ದೇಶವೇ ವಿಫಲವಾಗುತ್ತದೆ.

ಎರಡನೆಯದು ನೆಲ ಕಡಿಯುವಿಕೆ. 15 ಡಿಗ್ರಿ ಇಳಿಜಾರಿನಲ್ಲಿ 10 ಮೀಟರ್ ಅಗಲದ ಸಮತಟ್ಟು ಜಾಗವನ್ನು ಪೂರ್ತಿಯಾಗಿ ಕಡಿದು ಮಾಡಿದರೆ ಹಿಂಬದಿಯಲ್ಲಿ ಸುಮಾರು 2.7 ಮೀಟರ್ ಎತ್ತರದ ಮಣ್ಣಿನ ಗೋಡೆ ಉಳಿಯುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ಅದು ಸುಮಾರು 5.8 ಮೀಟರ್ ಆಗುತ್ತದೆ. ಅಂಥ ಕಡಿತವು ಗುಡ್ಡದ ಬುಡದ ಆಸರೆಯನ್ನು ತೆಗೆಯುತ್ತದೆ. ಕಡಿದ ಮಣ್ಣನ್ನು ಮುಂಬದಿಗೆ ತುಂಬಿಸಿ ಅದರ ಮೇಲೆ ಕಟ್ಟಿದರೆ, ಸಡಿಲವಾದ ಆ ಮಣ್ಣು ಮಳೆಯಲ್ಲಿ ಜಾರುವ ಅಪಾಯವಿರುತ್ತದೆ. ನೆಲ ವ್ಯಾಪ್ತಿಯ ನಿಯಮವು ಕಟ್ಟಡ ಆವರಿಸುವ ಜಾಗವನ್ನು ಅಳೆಯುತ್ತದೆಯೇ ಹೊರತು ಕಡಿದ ಮಣ್ಣಿನ ಪ್ರಮಾಣವನ್ನಲ್ಲ.

ಮೂರನೆಯದು ಕಂಬಗಳ ಮೇಲಿನ ಕಟ್ಟಡ. ಕೆಳಗೆ ವಾಹನ ನಿಲುಗಡೆಗೆ ಜಾಗ ಬಿಟ್ಟು ಕಂಬಗಳ ಮೇಲೆ ಕಟ್ಟಿದಾಗ ಇಳಿಜಾರಿನಲ್ಲಿ ಕೆಲವು ಕಂಬಗಳು ಗಿಡ್ಡವಾಗಿಯೂ ಕೆಲವು ಉದ್ದವಾಗಿಯೂ ಇರುತ್ತವೆ. ಭೂಕಂಪನದ ಸಮಯದಲ್ಲಿ ಗಿಡ್ಡ ಕಂಬಗಳ ಮೇಲೆ ಹೆಚ್ಚಿನ ಬಲ ಬೀಳುವುದರಿಂದ ಅವುಗಳನ್ನು ವಿಶೇಷವಾಗಿ ವಿನ್ಯಾಸಗೊಳಿಸಬೇಕಾಗುತ್ತದೆ.

ನಾಲ್ಕನೆಯದು ನೀರು. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಬೀಳುವಲ್ಲಿ 300 ಚದರ ಮೀಟರ್ ತಾರಸಿಯ ಮೇಲೆ 9 ಲಕ್ಷ ಲೀಟರ್ ನೀರು ಬೀಳುತ್ತದೆ. ಇದರ ಬಹುಪಾಲು ಮುಂಗಾರಿನ ಕೆಲವೇ ತಿಂಗಳುಗಳಲ್ಲಿ ಬರುತ್ತದೆ. ಇದಕ್ಕೆ ಬಳಸಿದ ನೀರೂ ಸೇರುತ್ತದೆ. ಪ್ರತಿ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕದಲ್ಲಿ, ತಲಾ ಐವರಿರುವ 12 ಮನೆಗಳಿಗೆ 8,100 ಲೀಟರ್ ನೀರು ಬೇಕು. ಅದರಲ್ಲಿ ಶೇ. 80ರಷ್ಟು, ಅಂದರೆ ಸುಮಾರು 6,500 ಲೀಟರ್, ತ್ಯಾಜ್ಯ ನೀರಾಗಿ ಹೊರಬರುತ್ತದೆ. ಒಳಚರಂಡಿ ಇಲ್ಲದ ಕಡೆ ಇದೆಲ್ಲ ಇಂಗುಗುಂಡಿಯ ಮೂಲಕ ಇಳಿಜಾರಿನ ಮಣ್ಣಿಗೇ ಸೇರುತ್ತದೆ. ನೀರು ತುಂಬಿದ ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಆದುದರಿಂದ ಗುಡ್ಡಗಾಡಿನಲ್ಲಿ ಚರಂಡಿಯು ಕಟ್ಟಡದ ಸ್ಥಿರತೆಯ ಭಾಗವೇ ಆಗಿದೆ.

ರಾಷ್ಟ್ರೀಯ ಕಟ್ಟಡ ಸಂಹಿತೆಯು ಗುಡ್ಡಗಾಡು ಪ್ರದೇಶಗಳಿಗೆ ಪ್ರತ್ಯೇಕ ಸೂಚನೆಗಳನ್ನು ನೀಡಿದೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರು, ಭೂಕುಸಿತದ ಅಪಾಯದ ವಲಯ, ಜಲದ ಒರತೆಗಳಿರುವ ರೇಖೆ ಮತ್ತು ಮೊದಲ ಹಂತದ ತೊರೆಗಳ ಮೇಲೆ ಸಾಮಾನ್ಯವಾಗಿ ಕಟ್ಟಡ ಕಟ್ಟಬಾರದು ಎಂಬುದು ಅವುಗಳ ಸಾರ. ಸಂಹಿತೆಯು ಶಿಫಾರಸಿನ ಸ್ವರೂಪದ್ದು. ಸ್ಥಳೀಯ ನಿಯಮಾವಳಿಯಲ್ಲಿ ಅಳವಡಿಸಿಕೊಂಡಾಗ ಮಾತ್ರ ಅದಕ್ಕೆ ಕಾನೂನಿನ ಬಲ ಬರುತ್ತದೆ.

2018ರ ದುರಂತ ಮತ್ತು ನಂತರ

2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ವ್ಯಾಪಕ ಭೂಕುಸಿತಗಳು ಸಂಭವಿಸಿದವು. ಮಕ್ಕಂದೂರು, ಮುಕ್ಕೋಡ್ಲು, ಮದೆನಾಡು, ಜೋಡುಪಾಲ ಮೊದಲಾದ ಕಡೆ ಹಲವರು ಪ್ರಾಣ ಕಳೆದುಕೊಂಡರು, ಸಾವಿರಾರು ಮಂದಿ ಪರಿಹಾರ ಕೇಂದ್ರಗಳನ್ನು ಸೇರಿದರು. ಮಡಿಕೇರಿ ನಗರದೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರಗಳಂಥ ಇಳಿಜಾರಿನ ದಟ್ಟ ವಸತಿ ಪ್ರದೇಶಗಳಲ್ಲಿ ಮನೆಗಳು ಕುಸಿದವು. ಭಾರೀ ಮಳೆಯ ಜೊತೆಗೆ ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಬದಲಾಯಿಸಿದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಜೀವಹಾನಿಯ ಕುಸಿತಗಳಾದವು.

ಸಮತಟ್ಟಾದ ನೆಲವೂ ಅಪಾಯದಿಂದ ಮುಕ್ತವಲ್ಲ. 2018 ಮತ್ತು 2019ರಲ್ಲಿ ಕಾವೇರಿಯ ನೆರೆಯು ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆ ಮೊದಲಾದ ವಸತಿ ಪ್ರದೇಶಗಳಿಗೆ ನುಗ್ಗಿತು. 2019ರಲ್ಲಿ ನೆಲ್ಯಹುದಿಕೇರಿ ಮತ್ತು ಕರಡಿಗೋಡಿನ ನದಿತೀರದ ಮನೆಗಳು ಹಾನಿಗೊಂಡವು. ನದಿಯ ನೆರೆಮಟ್ಟವನ್ನು ಗಣನೆಗೆ ತೆಗೆದುಕೊಳ್ಳದ ವಸತಿ ವಲಯವು ಗುಡ್ಡದ ಅಪಾಯವನ್ನು ತಪ್ಪಿಸಿ ನೆರೆಯ ಅಪಾಯಕ್ಕೆ ಒಡ್ಡುತ್ತದೆ ಎಂಬುದನ್ನು ಈ ಘಟನೆಗಳು ತೋರಿಸಿದವು.

ಸಂತ್ರಸ್ತರಿಗಾಗಿ ಕರ್ಣಂಗೇರಿ, ಮದೆನಾಡು, ಜಂಬೂರು ಮುಂತಾದ ಕಡೆ ಸರ್ಕಾರವು ಪುನರ್ವಸತಿ ಬಡಾವಣೆಗಳನ್ನು ನಿರ್ಮಿಸಿತು. ಇವು ಬಹುಮಹಡಿ ಕಟ್ಟಡಗಳಲ್ಲ, ಪ್ರತಿ ಕುಟುಂಬಕ್ಕೂ ಪ್ರತ್ಯೇಕ ನಿವೇಶನವಿರುವ ಮನೆಗಳು. ಸ್ವಂತ ಅಂಗಳ ಮತ್ತು ಮುಂದೆ ಮನೆ ವಿಸ್ತರಿಸುವ ಅವಕಾಶ ಇವುಗಳ ಅನುಕೂಲ. ಹೆಚ್ಚು ಸಮತಟ್ಟು ಭೂಮಿ ಬೇಕಾಗುವುದು ಮತ್ತು ಅಂಥ ಭೂಮಿ ಮೂಲ ಊರು, ತೋಟ, ಕೆಲಸಗಳಿಂದ ದೂರವಿರಬಹುದಾದುದು ಅನಾನುಕೂಲ.

ಪರಿಸರ ಸಂಬಂಧಿ ನಿರ್ಬಂಧಗಳು

2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಂತೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚು ನಿರ್ಮಿತ ವಿಸ್ತೀರ್ಣದ ಯೋಜನೆಗಳಿಗೆ ಮುಂಗಡ ಪರಿಸರ ಅನುಮತಿ ಅಗತ್ಯ. ಕಸ್ತೂರಿರಂಗನ್ ಸಮಿತಿಯ ವರದಿಯನ್ನು ಆಧರಿಸಿ 2014ರ ಮಾರ್ಚ್ 10ರಂದು ಪ್ರಕಟವಾದ ಪಶ್ಚಿಮ ಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯು ಈ ಗಾತ್ರದ ಹೊಸ ಕಟ್ಟಡಗಳನ್ನೂ, 50 ಹೆಕ್ಟೇರ್ ಅಥವಾ 1,50,000 ಚದರ ಮೀಟರ್ ಮೀರಿದ ಟೌನ್‌ಶಿಪ್‌ಗಳನ್ನೂ ನಿಷೇಧಿಸಲು ಸೂಚಿಸಿತು. ಈಗಿರುವ ವಾಸದ ಮನೆಗಳ ದುರಸ್ತಿ ಮತ್ತು ವಿಸ್ತರಣೆಗೆ ಅದು ಅಡ್ಡಿಯಲ್ಲ. ಕೊಡಗಿನ 55 ಗ್ರಾಮಗಳು ಪಟ್ಟಿಯಲ್ಲಿವೆ. ಕರಡನ್ನು ಹಲವು ಬಾರಿ, 2024ರ ಜುಲೈ 31ರಂದು ಮತ್ತೊಮ್ಮೆ, ಹೊರಡಿಸಲಾಗಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಅದನ್ನು ತಿರಸ್ಕರಿಸುವ ನಿಲುವು ತಳೆಯಿತು.

ಮಡಿಕೇರಿಯಂಥ ಪಟ್ಟಣದ ಸಾಮಾನ್ಯ ಬಹುಮನೆ ಕಟ್ಟಡವು ಈ ಗಾತ್ರಕ್ಕಿಂತ ಬಹಳ ಚಿಕ್ಕದು. ಹೀಗಾಗಿ ದೊಡ್ಡ ಯೋಜನೆಗಳನ್ನು ತಡೆಯುವ ಈ ನಿರ್ಬಂಧಗಳು ಚಿಕ್ಕ ಕಟ್ಟಡಗಳು ಒಂದೇ ಗುಡ್ಡದ ಮೇಲೆ ಒಂದರ ಪಕ್ಕದಲ್ಲೊಂದು ಬೆಳೆದು ಉಂಟುಮಾಡುವ ಒಟ್ಟು ಭಾರವನ್ನು ಗಮನಿಸುವುದಿಲ್ಲ. ಆ ಕೆಲಸ ಸ್ಥಳೀಯ ವಲಯ ನಿಯಮಾವಳಿಯದೇ ಆಗಿದೆ.

ನಿವಾಸಿಗಳ ರಕ್ಷಣೆ

2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಂತೆ, 500 ಚದರ ಮೀಟರ್‌ಗಿಂತ ಹೆಚ್ಚು ಭೂಮಿಯಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳೊಂದಿಗೆ ಮಾರಾಟಕ್ಕಾಗಿ ನಿರ್ಮಿಸುವ ಯೋಜನೆಗಳು ಕರ್ನಾಟಕ ರೇರಾದಲ್ಲಿ ನೋಂದಣಿಯಾಗಬೇಕು. ರಚನಾತ್ಮಕ ದೋಷಗಳು ಐದು ವರ್ಷಗಳೊಳಗೆ ಕಂಡುಬಂದರೆ ನಿರ್ಮಾಪಕರೇ ಸರಿಪಡಿಸಬೇಕು. ಮನೆಗಳ ಮಾಲೀಕತ್ವ ಮತ್ತು ಸಾಮಾನ್ಯ ಸೌಲಭ್ಯಗಳ ನಿರ್ವಹಣೆಗೆ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972 ಆಧಾರವಾಗಿದೆ. ಗುಡ್ಡದ ಕಟ್ಟಡಗಳಲ್ಲಿ ತಡೆಗೋಡೆ, ಮಳೆನೀರಿನ ಚರಂಡಿ ಮತ್ತು ಇಂಗುಗುಂಡಿಗಳೂ ಇಂಥ ಸಾಮಾನ್ಯ ಸೌಲಭ್ಯಗಳೇ. ಅವುಗಳ ನಿರ್ವಹಣೆಯ ಹೊಣೆ ಯಾರದೆಂದು ದಾಖಲೆಯಲ್ಲಿ ಸ್ಪಷ್ಟವಾಗಿರುವುದು ಮುಖ್ಯ.

ನಿಯಮ ಮೀರಿದ ಕಟ್ಟಡಗಳನ್ನು ಸಕ್ರಮಗೊಳಿಸಲು ರಾಜ್ಯ ಸರ್ಕಾರ 2014ರಲ್ಲಿ ರೂಪಿಸಿದ ಅಕ್ರಮ-ಸಕ್ರಮ ನಿಯಮಗಳಿಗೆ ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ತಡೆ ನೀಡಿತು. ದಂಡ ಕಟ್ಟುವುದರಿಂದ ಕಟ್ಟಡದ ಕಾನೂನು ಸ್ಥಿತಿ ಬದಲಾಗಬಹುದಾದರೂ ಅದರ ಅಡಿಯ ಮಣ್ಣಿನ ಸ್ಥಿತಿ ಬದಲಾಗುವುದಿಲ್ಲ ಎಂಬುದು ಗುಡ್ಡಗಾಡಿನ ಮಟ್ಟಿಗೆ ಇಂಥ ಯೋಜನೆಗಳ ಮುಖ್ಯ ಮಿತಿ.

ಚರ್ಚೆ

ಕೊಡಗಿನಲ್ಲಿ ಬಹುಕುಟುಂಬ ವಸತಿಯ ಬಗ್ಗೆ ಎರಡು ವಾದಗಳಿವೆ. ಬಹುಮಹಡಿ ಕಟ್ಟಡಗಳು ಗುಡ್ಡದ ಮೇಲೆ ಹೊರೆಯಾಗುತ್ತವೆ, ಹೊರಗಿನವರ ಹೂಡಿಕೆಯನ್ನು ಸೆಳೆಯುತ್ತವೆ, ನೀರು ಮತ್ತು ರಸ್ತೆಗಳ ಮೇಲೆ ಒತ್ತಡ ತರುತ್ತವೆ ಎಂಬುದು ಒಂದು. ಸುರಕ್ಷಿತ ನೆಲದಲ್ಲಿ ದಟ್ಟವಾಗಿ ಕಟ್ಟಿದರೆ ಗದ್ದೆ, ತೋಟ ಮತ್ತು ಇಳಿಜಾರುಗಳು ಉಳಿಯುತ್ತವೆ ಎಂಬುದು ಇನ್ನೊಂದು. ತಲಾ 80 ಚದರ ಮೀಟರ್‌ನ 12 ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಿದರೆ ದಾರಿ ಮತ್ತು ಅಂಗಳಗಳನ್ನು ಬಿಟ್ಟೇ 960 ಚದರ ಮೀಟರ್ ನೆಲ ಬೇಕು. ಮೂರು ಮಹಡಿಗಳಲ್ಲಿ ಕಟ್ಟಿದರೆ ಮೆಟ್ಟಿಲಿನ ಜಾಗವನ್ನು ಬಿಟ್ಟು 320 ಚದರ ಮೀಟರ್ ಸಾಕು.

ಎರಡೂ ವಾದಗಳಲ್ಲಿ ನಿರ್ಣಾಯಕವಾಗುವುದು ಮಹಡಿಗಳ ಸಂಖ್ಯೆಗಿಂತ ನೆಲದ ಆಯ್ಕೆ. ಪಟ್ಟಣದ ಸುರಕ್ಷಿತ ಭಾಗದಲ್ಲಿ ಕೈಗೆಟುಕುವ ಬಾಡಿಗೆಯ ಮನೆಗಳಿಲ್ಲದಿದ್ದರೆ ಕೂಲಿ ಕಾರ್ಮಿಕರು ಮತ್ತು ಕಡಿಮೆ ಆದಾಯದ ಕುಟುಂಬಗಳು ಅಗ್ಗದ ಇಳಿಜಾರಿಗೋ ನದಿಯ ಅಂಚಿಗೋ ಹೋಗಬೇಕಾಗುತ್ತದೆ. ಎಲ್ಲೆಡೆ ಒಂದೇ ಬಗೆಯಾಗಿ ಎತ್ತರವನ್ನು ನಿರ್ಬಂಧಿಸುವ ನಿಯಮವು ಸುರಕ್ಷಿತ ನೆಲದಲ್ಲಿಯೂ ಮನೆಗಳ ಸಂಖ್ಯೆಯನ್ನು ಕುಗ್ಗಿಸಿ ಈ ಸ್ಥಿತಿಯನ್ನು ಹೆಚ್ಚಿಸಬಹುದು. ಇಳಿಜಾರಿನ ಕೋನ, ಮಣ್ಣಿನ ಆಳ, ತೊರೆಗಳ ಹಾದಿ, ನೆರೆಮಟ್ಟ ಮತ್ತು ಚರಂಡಿಯ ಲಭ್ಯತೆಯನ್ನು ನಕ್ಷೆಯಲ್ಲಿ ಗುರುತಿಸಿ, ಎಲ್ಲಿ ಕಟ್ಟಲೇಬಾರದು ಮತ್ತು ಎಲ್ಲಿ ಹೆಚ್ಚು ಮನೆಗಳಿಗೆ ಅವಕಾಶ ನೀಡಬಹುದು ಎಂಬೆರಡನ್ನೂ ಒಟ್ಟಿಗೆ ನಿರ್ಧರಿಸುವ ವಲಯೀಕರಣವು ಗುಡ್ಡಗಾಡಿಗೆ ಹೆಚ್ಚು ಸೂಕ್ತವಾಗುತ್ತದೆ.